ಬೋಟಿಗೆ ನೀರು ತುಂಬಿಸುವವರು: ವೇಕ್‌ಬೋರ್ಡಿಂಗ್ ಅಲೆಯ ಹಿಂದಿನ ಭಾರದ ಲೆಕ್ಕ

ದೋಣಿಯೊಳಗೆ ನೀರು ಬಂದರೆ ಯಾರಾದರೂ ಮೊಗೆದು ಹೊರಗೆ ಚೆಲ್ಲುತ್ತಾರೆ. ನಮ್ಮ ಭಾವ ಪಂಪ್ ಹಾಕಿ ಒಳಕ್ಕೆ ತುಂಬಿಸುತ್ತಿದ್ದರು.

ಅಮೆರಿಕದ ಮಿನೆಸೋಟ, ಜುಲೈ ತಿಂಗಳು, ಬೆಳಗಿನ ಹೊತ್ತು. ಮಿನಿಯಾಪೊಲಿಸ್ ಪಕ್ಕದ ಮಿನೆಟೊಂಕ ಕೆರೆಯ ದಡದಲ್ಲಿ ಬೋಟು ನಿಂತಿತ್ತು. ಹಿಂದಿನ ಸೀಟಿನ ಮುಂದೆ ದಪ್ಪ ಟಾರ್ಪಾಲಿನಂಥ ಒಂದು ಚೀಲ ಬಿದ್ದಿತ್ತು. ಪಂಪ್ ಗುರ್ ಅಂದಂತೆಲ್ಲ ಅದು ಹೊಟ್ಟೆ ಉಬ್ಬಿಸಿಕೊಂಡು ಮೇಲೇಳುತ್ತಿತ್ತು. ಮಂಡ್ಯದಿಂದ ಬಂದು ಮೂರು ವಾರವಾಗಿದ್ದ ಅಪ್ಪ ಅದನ್ನೇ ನೋಡುತ್ತಾ ಕೂತಿದ್ದರು. ಕೊನೆಗೆ ತಡೆಯಲಾರದೆ ಕೇಳಿದರು.

“ಅಲ್ಲಾ ಅಳಿಯಂದ್ರೇ, ಕೆರೇಲಿ ಹೋಗೋ ದೋಣಿಗೆ ಕೆರೆ ನೀರನ್ನೇ ತುಂಬಿಸ್ತಾ ಇದೀರಲ್ಲ, ಇದೇನು?”

“ಭಾರ ಬೇಕು ಮಾವ. ಭಾರ ಇದ್ರೆ ಹಿಂದೆ ಅಲೆ ದೊಡ್ಡದಾಗಿ ಏಳುತ್ತೆ.”

“ಅಲೆ ಎದ್ದು ಏನಾಗಬೇಕು?”

ಭಾವ ನನ್ನ ಮುಖ ನೋಡಿದರು. ಅವತ್ತು ಅಪ್ಪನಿಗೆ ನಾನು ಹೇಳಿದ್ದು ಅರ್ಧಂಬರ್ಧ. ಇಲ್ಲಿ ಪೂರ್ತಿ ಹೇಳುತ್ತೇನೆ.

ವೇಕ್ ಅಂದರೆ ಬೋಟು ಹೋದ ಮೇಲೆ ಅದರ ಹಿಂದೆ ಎರಡೂ ಕಡೆ ಏಳುವ ಅಲೆ. ವೇಕ್‌ಬೋರ್ಡಿಂಗ್‌ನಲ್ಲಿ ಒಬ್ಬರು ಒಂದೇ ಹಲಗೆಯ ಮೇಲೆ ಎರಡೂ ಕಾಲು ಕಟ್ಟಿಕೊಂಡು, ಹಗ್ಗ ಹಿಡಿದು, ಬೋಟಿನ ಹಿಂದೆ ಸುಮಾರು 20 ಮೀಟರ್ ದೂರದಲ್ಲಿ ಜಾರುತ್ತಾರೆ. ಬೋಟಿನ ವೇಗ ಗಂಟೆಗೆ 32ರಿಂದ 38 ಕಿಲೋಮೀಟರ್. ಸವಾರ ಪಕ್ಕಕ್ಕೆ ಸರಿದು, ಮತ್ತೆ ರಭಸವಾಗಿ ಬಂದು ಆ ಅಲೆಯನ್ನು ಹತ್ತುತ್ತಾನೆ. ಅಲೆಯ ನೆತ್ತಿಯಿಂದ ಗಾಳಿಗೆ ಹಾರುತ್ತಾನೆ. ಇನ್ನೊಂದು ಬದಿಯ ಅಲೆಯ ಇಳಿಜಾರಿನಲ್ಲಿ ಇಳಿಯುತ್ತಾನೆ. ಅಂದರೆ ಅಲೆಯೇ ಅವನಿಗೆ ಜಿಗಿಯುವ ದಿಬ್ಬ. ದಿಬ್ಬ ಸಣ್ಣದಾದರೆ ಜಿಗಿತವೂ ಸಣ್ಣದು. ಮಣ್ಣಿನ ದಿಬ್ಬವಾದರೆ ಸಲಿಕೆ ಹಿಡಿದು ಎತ್ತರ ಮಾಡಬಹುದು. ನೀರಿನ ದಿಬ್ಬವನ್ನು ಎತ್ತರ ಮಾಡುವ ಸಲಿಕೆ ಈ ಭಾರ. ಅದಕ್ಕೆ ಬ್ಯಾಲಸ್ಟ್ ಅಂತ ಹೆಸರು. ರೈಲು ಹಳಿಯ ಕೆಳಗೆ ಹಾಸುವ ಜಲ್ಲಿಗೂ ಇದೇ ಪದ ಬಳಸುತ್ತಾರೆ, ಹಾಗಾಗಿ ಕೆಲವರಿಗೆ ಪರಿಚಯ ಇರಬಹುದು.

ತಮಾಷೆ ಏನಂದರೆ, ಈ ಬೋಟುಗಳ ಅಜ್ಜ-ಮುತ್ತಜ್ಜಂದಿರು ಅಲೆಯನ್ನು ಕಂಡರೆ ಆಗದವರು. ನೀರಿನ ಮೇಲಿನ ಸ್ಕೀ ಆಟ ಹುಟ್ಟಿದ್ದೂ ಇದೇ ಮಿನೆಸೋಟದಲ್ಲಿ. 1922ರಲ್ಲಿ ಲೇಕ್ ಸಿಟಿ ಊರಿನ 18 ವರ್ಷದ ರಾಲ್ಫ್ ಸ್ಯಾಮ್ಯುಯೆಲ್ಸನ್ ಎರಡು ಪೈನ್ ಹಲಗೆಗಳ ತುದಿಯನ್ನು ಕುದಿಯುವ ನೀರಲ್ಲಿ ಮೆದು ಮಾಡಿ, ಮೇಲಕ್ಕೆ ಬಗ್ಗಿಸಿ, ಅವುಗಳ ಮೇಲೆ ನಿಂತು ಪೆಪಿನ್ ಕೆರೆಯಲ್ಲಿ ಬೋಟಿನ ಹಿಂದೆ ಜಾರಿದ. ಸ್ಕೀ ಮಾಡುವವರಿಗೆ ಬೇಕಾದದ್ದು ಸಪಾಟಾದ ನೀರು. ಅಲೆ ಅವರಿಗೆ ರಸ್ತೆಯ ಹಂಪ್ ಇದ್ದ ಹಾಗೆ. ಹಾಗಾಗಿ ಹತ್ತಾರು ವರ್ಷ ಬೋಟು ಕಟ್ಟುವವರು ತಳವನ್ನು ಚಪ್ಪಟೆ ಮಾಡಿ, ತೂಕ ಕಡಿಮೆ ಮಾಡಿ, ಅಲೆ ಸಣ್ಣದಾಗಲಿ ಅಂತಲೇ ಒದ್ದಾಡಿದರು.

1985ರಲ್ಲಿ ಸ್ಯಾನ್ ಡಿಯೇಗೋದ ಟೋನಿ ಫಿನ್ ‘ಸ್ಕರ್ಫರ್’ ಅನ್ನುವ, ವೇಕ್‌ಬೋರ್ಡಿನ ಪೂರ್ವಜನಾದ ಹಲಗೆ ತಂದರು. 1990ರಲ್ಲಿ ಹರ್ಬ್ ಒಬ್ರಯನ್ ಅವರ ‘ಹೈಪರ್‌ಲೈಟ್’ ಬಂತು. ಹಳೆಯ ಹಲಗೆಗಳು ತೀರಾ ತೇಲುತ್ತಿದ್ದವು. ನೀರಿನಿಂದ ಏಳಬೇಕಾದರೆ ಅವುಗಳ ಜೊತೆ ಕುಸ್ತಿ ಆಡಬೇಕಿತ್ತು. ಹೈಪರ್‌ಲೈಟ್ ಸುಲಭವಾಗಿ ಮುಳುಗಿ ಸುಲಭವಾಗಿ ಏಳುತ್ತಿತ್ತು. ಆಟ ಜನಕ್ಕೆ ಹಿಡಿಸಿತು. ಆದರೆ ಎಳೆಯಲು ಇದ್ದದ್ದು ಸ್ಕೀ ಬೋಟುಗಳೇ, ಅಲೆಯನ್ನು ಕೊಲ್ಲಲು ಕಟ್ಟಿದ ಬೋಟುಗಳು! ಸರಿ, ಅಲೆ ಬೇಕಾದವರು ಅವುಗಳಿಗೆ ಭಾರ ಹೇರತೊಡಗಿದರು. ಗೆಳೆಯರನ್ನೆಲ್ಲ ಕೂರಿಸಿದರು, ಮರಳಿನ ಮೂಟೆ ಇಟ್ಟರು, ನೀರಿನ ಚೀಲ ಇಟ್ಟರು. 1997ರಲ್ಲಿ ಫ್ಲಾರಿಡಾದ ಕರೆಕ್ಟ್ ಕ್ರಾಫ್ಟ್ ಕಂಪನಿ ಎತ್ತರದ ಕಮಾನು ಇರುವ ಸೂಪರ್ ಏರ್ ನಾಟೀಕ್ ಬೋಟನ್ನು ವೇಕ್‌ಬೋರ್ಡಿಂಗ್‌ಗೆ ಅಂತಲೇ ತಂದಿತು. ಹಗ್ಗವನ್ನು ಆ ಕಮಾನಿನ ಮೇಲೆ ಕಟ್ಟಿದರೆ ಸವಾರನಿಗೆ ಮೇಲಿನಿಂದ ಆಧಾರ ಸಿಗುತ್ತದೆ. ಈಗಿನ ವೇಕ್ ಬೋಟುಗಳ ನೆಲದಡಿಯಲ್ಲಿ ಟ್ಯಾಂಕುಗಳು ಬರುತ್ತವೆ. ಸಾವಿರ ಕಿಲೋ, ಕೆಲವದರಲ್ಲಿ ಅದರ ಎರಡರಷ್ಟು ನೀರು ಹಿಡಿಯುತ್ತದೆ. ಭಾವನ ಬೋಟು ಅಂಥದ್ದಲ್ಲ. ಅದು ತೊಂಬತ್ತರ ದಶಕದ ಸೆಕೆಂಡ್ ಹ್ಯಾಂಡ್ ಸ್ಕೀ ಬೋಟು. ಎಂಜಿನ್ ಮಧ್ಯದಲ್ಲಿ ಪೆಟ್ಟಿಗೆಯ ಹಾಗೆ ಕೂತಿದೆ. ಅದಕ್ಕೇ ಈ ಚೀಲದ ಕಥೆ.

ಅಲೆ ಎಲ್ಲಿಂದ ಬರುತ್ತದೆ

ತುಂಬಿದ ಹಂಡೆಗೆ ಖಾಲಿ ಬಿಂದಿಗೆ ಅದ್ದಿ ನೋಡಿ. ಬಿಂದಿಗೆ ಕೆಳಗೆ ಹೋಗಲು ಒಪ್ಪುವುದಿಲ್ಲ. ಒತ್ತಿದಷ್ಟೂ ನೀರು ಪಕ್ಕಕ್ಕೆ ಸರಿದು ಹಂಡೆಯ ಅಂಚಿಂದ ಚೆಲ್ಲುತ್ತದೆ. ಬೋಟಿನ ಕಥೆಯೂ ಅಷ್ಟೇ. ಅದು ತನ್ನ ತೂಕದಷ್ಟೇ ನೀರನ್ನು ಜಾಗ ಬಿಡಿಸಿ ತಾನು ಕೂರುತ್ತದೆ. 1,200 ಕಿಲೋ ಬೋಟು 1,200 ಲೀಟರ್ ನೀರಿನ ಜಾಗ ತಿನ್ನುತ್ತದೆ. ಒಳಗೆ 340 ಕಿಲೋ ಇಟ್ಟರೆ ಇನ್ನೂ 340 ಲೀಟರ್ ಜಾಗ ಬೇಕು.

ಈಗ ಬೋಟು ಚಲಿಸಲಿ. ಅದು ಕೂತಿದ್ದ ಜಾಗ ಖಾಲಿಯಾಗುತ್ತದೆ, ನೀರಲ್ಲಿ ಒಂದು ಗುಂಡಿ ಬೀಳುತ್ತದೆ. ಆ ಗುಂಡಿ ತುಂಬಲು ಎಡದಿಂದ, ಬಲದಿಂದ, ಕೆಳಗಿನಿಂದ ನೀರು ನುಗ್ಗುತ್ತದೆ. ನುಗ್ಗಿದ ನೀರಿಗೆ ಮಟ್ಟ ಸಿಕ್ಕ ತಕ್ಷಣ ನಿಲ್ಲಲು ಬರುವುದಿಲ್ಲ. ರಭಸದಲ್ಲಿ ಮಟ್ಟ ಮೀರಿ ಮೇಲೆ ಏಳುತ್ತದೆ. ಆ ಎದ್ದದ್ದೇ ನಮ್ಮ ದಿಬ್ಬ. ಗುಂಡಿ ಆಳವಾದಷ್ಟೂ ನೀರು ಜೋರಾಗಿ ನುಗ್ಗುತ್ತದೆ, ದಿಬ್ಬವೂ ಎತ್ತರವಾಗುತ್ತದೆ. ಭಾರದ ಕೆಲಸ ಆ ಗುಂಡಿಯನ್ನು ಆಳ ಮಾಡುವುದು. ಬೇರೆ ಗುಟ್ಟೇನೂ ಇಲ್ಲ.

ಎಷ್ಟು ಆಳ? ಒಂದು ಸಣ್ಣ ಲೆಕ್ಕ ಮಾಡೋಣ. ಭಾವನಂಥ ಬೋಟು ನೀರಿನ ಮಟ್ಟದಲ್ಲಿ ಸುಮಾರು 10 ಚದರ ಮೀಟರ್ ಹರಡಿಕೊಂಡಿದೆ ಅಂತಿಟ್ಟುಕೊಳ್ಳಿ. ಒಂದು ಟನ್ ಅಂದರೆ ಒಂದು ಘನ ಮೀಟರ್ ನೀರು. ಅದನ್ನು 10 ಚದರ ಮೀಟರಿಗೆ ಹಂಚಿದರೆ 10 ಸೆಂಟಿಮೀಟರ್. ಒಂದಿಡೀ ಟನ್ ಹೇರಿದರೂ ಬೋಟು ಕೆಳಗೆ ಹೋಗುವುದು ಅರ್ಧ ಗೇಣು! 340 ಕಿಲೋಗೆ ಎರಡು ಬೆರಳಿನ ಅಗಲ. ಕೇಳಲು ಏನೂ ಅಲ್ಲ ಅನ್ನಿಸುತ್ತದೆ ಅಲ್ವಾ? ಆದರೆ ಇದು ನಿಂತ ಬೋಟಿನ ಲೆಕ್ಕ. ಓಡುವಾಗ ಆಟವೇ ಬೇರೆ.

ಬೋಟು ನಿಧಾನವಾಗಿ ಹೋಗುವಾಗ ಅದರ ಅಲೆ ಗಿಡ್ಡ. ವೇಗ ಏರಿದಂತೆ ಅಲೆಯ ನೆತ್ತಿಯಿಂದ ನೆತ್ತಿಗೆ ಇರುವ ದೂರ ಹೆಚ್ಚುತ್ತದೆ. ಬೋಟಿನ ಉದ್ದ 6.5 ಮೀಟರ್ ಅಂದುಕೊಂಡರೆ, ಗಂಟೆಗೆ 11–12 ಕಿಲೋಮೀಟರ್ ಹೊತ್ತಿಗೆ ಅಲೆಯ ಉದ್ದ ಬೋಟಿನ ಉದ್ದಕ್ಕೆ ಸಮ ಆಗುತ್ತದೆ. ಅದಕ್ಕಿಂತ ಜೋರಾಗಿ ಹೋಗಲು ನೋಡಿದರೆ ಬೋಟಿನ ಹಿಂಭಾಗ ಅಲೆಯ ಗುಂಡಿಯಲ್ಲಿ, ಮೂತಿ ಅಲೆಯ ನೆತ್ತಿಯಲ್ಲಿ. ತಾನೇ ಎಬ್ಬಿಸಿದ ಗುಡ್ಡವನ್ನು ತಾನೇ ಹತ್ತುವ ಪರಿಸ್ಥಿತಿ. ಎಂಜಿನ್ ಏದುಸಿರು ಬಿಡುತ್ತದೆ, ಹಿಂದೆ ಭಾರೀ ಅಲೆ ಏಳುತ್ತದೆ. ವೇಗ ಮತ್ತೂ ಹೆಚ್ಚಿಸಿದರೆ ಬೋಟು ಗುಡ್ಡ ದಾಟಿ, ನೀರಿನ ಮೇಲೆ ಜಾರತೊಡಗುತ್ತದೆ, ಕೆರೆಗೆ ಎಸೆದ ಚಪ್ಪಟೆ ಕಲ್ಲಿನ ಹಾಗೆ. ಆಗ ಗುಂಡಿ ತೆಳುವಾಗುತ್ತದೆ, ಅಲೆ ಇಳಿಯುತ್ತದೆ.

ವಿಲಿಯಂ ಫ್ರೂಡ್ ಅನ್ನುವ ಇಂಗ್ಲಿಷ್ ಎಂಜಿನಿಯರ್ ವೇಗಕ್ಕೂ ಉದ್ದಕ್ಕೂ ಇರುವ ಈ ಸಂಬಂಧವನ್ನು 1870ರ ದಶಕದಲ್ಲಿ ಟಾರ್ಕಿ ಊರಿನ ತೊಟ್ಟಿಯೊಂದರಲ್ಲಿ ಪುಟ್ಟ ಹಡಗಿನ ಮಾದರಿಗಳನ್ನು ಎಳೆದು ಎಳೆದು ಅಳೆದರು. ವೇಕ್‌ಬೋರ್ಡಿಂಗ್ ವೇಗದಲ್ಲಿ ಬೋಟು ಜಾರುವ ಹಂತಕ್ಕೆ ಬಂದಿರುತ್ತದೆ, ಆದರೆ ಭಾರ ಅದನ್ನು ಪೂರ್ತಿ ಮೇಲೇಳಲು ಬಿಡುವುದಿಲ್ಲ. ವೇಗವೂ ಬೇಕು, ಆಳವೂ ಬೇಕು. ಎರಡನ್ನೂ ಒಟ್ಟಿಗೆ ಕೊಡಿಸಲು ಭಾರ ಬೇಕೇ ಬೇಕು.

ಮೂಕಿ ಎತ್ತಿಕೊಂಡ ಬೋಟು

ಚೀಲ ತುಂಬಿತು. ಭಾವ ನೀರಿಗಿಳಿದರು. ನಾನು ಸ್ಟಿಯರಿಂಗ್ ಹಿಡಿದೆ. ಸವಾರನನ್ನು ಎಳೆಯುವ ಬೋಟಿನಲ್ಲಿ ಹಿಂದೆ ನೋಡಿಕೊಳ್ಳಲು ಇನ್ನೊಬ್ಬರು ಇರಬೇಕು ಅಥವಾ ಅಗಲವಾದ ಕನ್ನಡಿ ಇರಬೇಕು ಅನ್ನುವುದು ಮಿನೆಸೋಟದ ನಿಯಮ. ಆ ಕೆಲಸಕ್ಕೆ ಅಪ್ಪ.

ಎಂಜಿನ್‌ಗೆ ಗ್ಯಾಸ್ ಕೊಟ್ಟೆ. ಬೋಟಿನ ಮೂತಿ ಮೇಲಕ್ಕೆದ್ದಿತು. ಏಳುತ್ತಲೇ ಹೋಯಿತು. ನನಗೆ ಮುಂದೆ ಆಕಾಶ ಬಿಟ್ಟು ಬೇರೇನೂ ಕಾಣಲಿಲ್ಲ. ಹಿಂದೆ ಅಲೆ ಎದ್ದಿತ್ತು ನಿಜ, ಆದರೆ ಅದರ ನೆತ್ತಿಯೆಲ್ಲ ಬಿಳಿ ನೊರೆ. ಉಕ್ಕಿ ಬಿದ್ದ ಹಾಲಿನ ಹಾಗೆ. ಭಾವ ಆ ಅಲೆ ಹತ್ತಲು ಹೋದರೆ ಹಲಗೆ ನೊರೆಯಲ್ಲಿ ಕಚ್ಚಿಕೊಳ್ಳದೆ ಜಾರಿತು. ದಬಾರನೆ ಬಿದ್ದರು.

ಅಪ್ಪ ಹಿಂದೆ ತಿರುಗಿ ನೋಡುವುದು ಬಿಟ್ಟು ಬೋಟಿನ ಮೂತಿಯನ್ನೇ ನೋಡುತ್ತಿದ್ದರು. “ಹಿಂಭಾರ ಆಗಿದೆ ಕಣೋ. ಮೂಕಿ ಎತ್ಕೊಂಡಿದೆ ನೋಡು.”

ಎತ್ತಿನ ಗಾಡಿ ಹೊಡೆದವರಿಗೆ ಇದು ಹೇಳಿಕೊಡಬೇಕಾಗಿಲ್ಲ. ಕಬ್ಬಾಗಲಿ ಹುಲ್ಲಾಗಲಿ ಗಾಡಿಯ ಹಿಂದಕ್ಕೆ ಜಾಸ್ತಿ ಹೇರಿದರೆ ಮೂಕಿ ಮೇಲೇಳುತ್ತದೆ, ನೊಗ ಎತ್ತಿನ ಕುತ್ತಿಗೆಯಿಂದ ಎದ್ದು ಉಸಿರು ಕಟ್ಟಿಸುತ್ತದೆ. ಮುಂದಕ್ಕೆ ಜಾಸ್ತಿ ಹೇರಿದರೆ ನೊಗ ಹೆಗಲಿನ ಮೇಲೆ ಕೂತು ಎತ್ತು ಮುಗ್ಗರಿಸುತ್ತದೆ. ಒಟ್ಟು ಭಾರ ಎಷ್ಟು ಅನ್ನುವುದು ಒಂದು ಲೆಕ್ಕ. ಅದನ್ನು ಅಚ್ಚಿನ ಹಿಂದೆ ಮುಂದೆ ಹೇಗೆ ಹಂಚಿದ್ದೀರಿ ಅನ್ನುವುದು ಇನ್ನೊಂದು. ಬೋಟಿಗೂ ಎರಡೂ ಲೆಕ್ಕ ಬೇಕು. ನನ್ನ ಪ್ರಕಾರ ಎರಡನೆಯದೇ ಮುಖ್ಯ.

ಹಿಂದೆ ಭಾರ ಇಟ್ಟರೆ ಹಿಂಭಾಗ ಆಳಕ್ಕೆ ಕೂರುತ್ತದೆ. ಅಲೆ ಎತ್ತರವಾಗಿ, ಕಡಿದಾಗಿ, ನೆತ್ತಿ ಚೂಪಾಗಿ ಬರುತ್ತದೆ. ಸವಾರನನ್ನು ಮೇಲಕ್ಕೆ ಒದೆಯುತ್ತದೆ. ಒಂದು ಮಿತಿ ದಾಟಿದರೆ ನೆತ್ತಿ ತನ್ನ ಭಾರಕ್ಕೆ ತಾನೇ ಕುಸಿದು ನೊರೆಯಾಗುತ್ತದೆ. ನಮ್ಮದು ಆದದ್ದು ಅದೇ. ಮುಂದೆ ಭಾರ ಇಟ್ಟರೆ ಮೂತಿ ಕೆಳಗಿಳಿದು ಬೋಟಿನ ಉದ್ದದ ಹೆಚ್ಚು ಭಾಗ ನೀರಲ್ಲಿರುತ್ತದೆ. ಅಲೆ ಅಷ್ಟು ಕಡಿದಲ್ಲ. ಆದರೆ ಉದ್ದನೆಯ ಇಳಿಜಾರು, ನಯವಾದ ಮೈ, ಒಳಗೆ ಗಟ್ಟಿ. ಹತ್ತುವವನಿಗೆ ಸಮಯ ಸಿಗುತ್ತದೆ. ಎಂಜಿನ್ ಹಿಂದೆ ಇರುವ ಈಗಿನ ಬೋಟುಗಳಲ್ಲಿ ಬಹಳ ಜನ ಹಿಂದೆ 60 ಪಾಲು, ಮುಂದೆ 40 ಪಾಲು ಅಂತ ಶುರು ಮಾಡುತ್ತಾರೆ. ಇದೇನೂ ವೇದವಾಕ್ಯ ಅಲ್ಲ. ಉಪ್ಪಿಟ್ಟಿಗೆ ನೀರು ಹಾಕುವಾಗಿನ ಅಳತೆ ಇದ್ದ ಹಾಗೆ, ರವೆ ನೋಡಿ ಬದಲಾಯಿಸಬೇಕು.

ಎಡ-ಬಲವನ್ನೂ ಮರೆಯಬಾರದು. ಅಲ್ಲಿನ ಬೋಟುಗಳಲ್ಲಿ ಓಡಿಸುವವರು ಕೂರುವುದು ಸಾಮಾನ್ಯವಾಗಿ ಬಲಗಡೆ. ಅಪ್ಪನನ್ನೂ ನನ್ನ ಹಿಂದೆ ಕೂರಿಸಿದ್ದೆ. ಇಬ್ಬರೂ ಸೇರಿ 150 ಕಿಲೋ ಬಲಕ್ಕೆ. ಎರಡು ಬದಿಯ ಅಲೆಗಳನ್ನು ಹೋಲಿಸಿದರೆ ಒಂದು ನಯ, ಇನ್ನೊಂದು ಪುಡಿಪುಡಿ. ಅಪ್ಪನನ್ನು ಎಡಕ್ಕೆ ಕೂರಿಸಿದ ಮೇಲೆ ಎರಡೂ ಒಂದೇ ತರಹ ಆದವು. “ನಾನೂ ಮೂಟೆನೇ ಈಗ” ಅಂದರು. ಸುಳ್ಳೇನಲ್ಲ. ಬೋಟಿನಲ್ಲಿರುವ ಪ್ರತಿಯೊಬ್ಬರೂ ಬ್ಯಾಲಸ್ಟೇ. ಎದ್ದು ಓಡಾಡುವ ಬ್ಯಾಲಸ್ಟ್ ಅನ್ನುವುದೊಂದೇ ತೊಂದರೆ.

ಮುಂದಿನ ಶನಿವಾರ ನಾವು ಜಾಣರಾದೆವು ಅಂದುಕೊಂಡು ಚೀಲವನ್ನು ಎಳೆದು ಪೂರ್ತಿ ಮುಂದೆ ಹಾಕಿದೆವು. ಅಲೆ ಚೆನ್ನಾಗಿಯೇ ಬಂತು. ಭಾವ ಬಿದ್ದರು. ಎತ್ತಿಕೊಳ್ಳಲು ವೇಗ ಇಳಿಸಿ ತಿರುಗಿಸಿದೆ. ಎದುರಿಗೆ ಬಂದದ್ದು ನಾವೇ ಎಬ್ಬಿಸಿದ ಅಲೆ. ತಗ್ಗಿದ್ದ ಮೂತಿ ಅದರೊಳಗೆ ಹೊಕ್ಕಿತು. ಹಸಿರು ನೀರು ದಬದಬನೆ ಒಳಗೆ ಸುರಿಯಿತು. ಚಪ್ಪಲಿ, ಟವೆಲ್, ಅಕ್ಕ ಕಟ್ಟಿಕೊಟ್ಟಿದ್ದ ಚಿತ್ರಾನ್ನದ ಡಬ್ಬಿ, ಎಲ್ಲ ತೇಲತೊಡಗಿದವು. ತಳದ ಪಂಪ್ ಕೆಲಸ ಮಾಡುತ್ತಿದ್ದುದರಿಂದ ಬಚಾವಾದೆವು. ಅವತ್ತಿನಿಂದ ಒಂದು ದೊಡ್ಡ ಚೀಲದ ಬದಲು ಮೂರು ಸಣ್ಣ ಚೀಲ. ಎಂಜಿನ್ ಪೆಟ್ಟಿಗೆಯ ಎರಡೂ ಪಕ್ಕ ಒಂದೊಂದು, ಮುಂದೆ ಇನ್ನೂ ಸಣ್ಣದೊಂದು. ಬಿದ್ದವರ ಹತ್ತಿರ ಹೋಗುವಾಗ ನಮ್ಮ ಅಲೆ ಕರಗುವ ತನಕ ಒಂದು ಗಳಿಗೆ ಕಾಯುತ್ತೇವೆ.

ನೀರೇ ಯಾಕೆ, ಸೀಸ ಯಾಕಲ್ಲ

ಒಂದು ಲೀಟರ್ ನೀರು ಒಂದು ಕಿಲೋ. ಮಾರುಕಟ್ಟೆಯಲ್ಲಿ 340 ಕಿಲೋ ಹಿಡಿಯುವ ಚೀಲ ಸಿಗುತ್ತದೆ, ಅಲ್ಲಿನ ಲೆಕ್ಕದಲ್ಲಿ 750 ಪೌಂಡ್. ನಮ್ಮ ಬೆಂಗಳೂರಿನ ಮನೆಗಳಿಗೆ ಬರುವ 20 ಲೀಟರ್ ನೀರಿನ ಕ್ಯಾನ್ ಲೆಕ್ಕದಲ್ಲಿ 17 ಕ್ಯಾನ್. 17 ಕ್ಯಾನ್ ಬೋಟಿಗೆ ಹೊತ್ತು ಹಾಕುವವರು ಯಾರು? ನೀರಾದರೆ ಕೆರೆಯಲ್ಲೇ ಇದೆ. ಖಾಲಿ ಚೀಲ ಸುತ್ತಿಟ್ಟರೆ ಹಾಸಿಗೆ ಸುರುಳಿಯಷ್ಟು. ಬೇಕಾದಾಗ ತುಂಬಿಸಿ, ಬೇಡವಾದಾಗ ಖಾಲಿ ಮಾಡಿ. ಖರ್ಚು ಚೀಲಕ್ಕೆ ಮತ್ತು ಪಂಪಿಗೆ ಮಾತ್ರ.

ನೀರಿನ ತೊಂದರೆ ಜಾಗ. ಅಷ್ಟೇ ತೂಕದ ಸೀಸಕ್ಕೆ 30 ಲೀಟರ್ ಜಾಗ ಸಾಕು, ಅಂದರೆ ಒಂದೂವರೆ ಕ್ಯಾನ್. ಹಾಗಾಗಿ ಸೀಸದ ಗುಂಡು ತುಂಬಿದ ಸಣ್ಣ ಚೀಲಗಳನ್ನು ಸೀಟಿನ ಕೆಳಗೆ ಸಂದಿಗೊಂದಿಗಳಲ್ಲಿ ತುರುಕುವವರು ಇದ್ದಾರೆ. “ಸೀಸದ ಅಲೆ ಗಟ್ಟಿ ಇರುತ್ತೆ” ಅನ್ನುವ ನಂಬಿಕೆಯೂ ಕೆಲವರಿಗಿದೆ. ಇದು ನನಗೆ ಒಪ್ಪಿಗೆ ಇಲ್ಲ. ಬೋಟಿನ ತಳಕ್ಕೆ ಒಳಗಿರುವುದು ಸೀಸವೋ ನೀರೋ ಅಕ್ಕನ ಚಿತ್ರಾನ್ನವೋ ಗೊತ್ತಾಗುವುದಿಲ್ಲ. ಅದಕ್ಕೆ ಗೊತ್ತಾಗುವುದು ಎಷ್ಟು ಭಾರ, ಎಲ್ಲಿ ಕೂತಿದೆ, ಎಷ್ಟು ತಗ್ಗಿನಲ್ಲಿದೆ ಅನ್ನುವುದು ಮಾತ್ರ. ಸೀಸವನ್ನು ತಳಕ್ಕೆ ಅಂಟಿದ ಹಾಗೆ, ಬೇಕಾದ ಮೂಲೆಗೇ ಇಡಬಹುದು. ಅಲೆ ಚೆನ್ನಾಗಿ ಬಂದರೆ ಅದು ಆ ಜಾಗದ ಗುಣ.

ನೀರಿಗೂ ಸೀಸಕ್ಕೂ ನಿಜವಾದ ವ್ಯತ್ಯಾಸ ಬೋಟಿಗೆ ನೀರು ನುಗ್ಗಿದಾಗ ಗೊತ್ತಾಗುತ್ತದೆ. ನೀರೊಳಗೆ ಮುಳುಗಿದ ನೀರಿನ ಚೀಲಕ್ಕೆ ತೂಕವೇ ಇಲ್ಲ. ಬಾವಿಯಿಂದ ನೀರು ಸೇದುವಾಗ ಬಿಂದಿಗೆ ನೀರಿನ ಒಳಗಿರುವ ತನಕ ಹಗುರ, ಮೇಲೆ ಬಂದ ಕೂಡಲೇ ಕೈ ಜಗ್ಗುತ್ತದಲ್ಲ, ಅದೇ. ಮುಳುಗುವ ಬೋಟನ್ನು ನೀರಿನ ಚೀಲ ಕೆಳಗೂ ಎಳೆಯುವುದಿಲ್ಲ, ಮೇಲೂ ಎತ್ತುವುದಿಲ್ಲ. ಸೀಸ ಹಾಗಲ್ಲ. ನೀರೊಳಗೂ ಅದರ ತೂಕದ ಹತ್ತರಲ್ಲಿ ಒಂಬತ್ತು ಪಾಲು ಹಾಗೇ ಇರುತ್ತದೆ. ಬೋಟನ್ನು ತಳಕ್ಕೆ ಕರೆದುಕೊಂಡೇ ಹೋಗುತ್ತದೆ. ಬೋಟಿನ ಒಳಗೆ ತುಂಬಿರುವ ತೇಲುವ ಫೋಮ್ ಎಷ್ಟು ಸೀಸವನ್ನು ತಡೆದೀತು ಅಂತ ಲೆಕ್ಕ ಹಾಕದೆ ಹೇರುವುದು ಹುಚ್ಚುತನ.

ಚೀಲ ತುಂಬಿಸುವ ಪಂಪುಗಳಲ್ಲಿ ಎರಡು ಜಾತಿ. ಒಂದು ನೀರಲ್ಲಿ ಮುಳುಗಿರಬೇಕಾದ, ರೆಕ್ಕೆ ತಿರುಗುವ ಪಂಪ್. ಅಗ್ಗ, ಜೋರು, ಆದರೆ ಒಂದೇ ದಿಕ್ಕು. ಒಳಗೆ ಗಾಳಿ ಸೇರಿದರೆ ಸುಮ್ನೆ ಗಿರಗಿರ ಅನ್ನುತ್ತದೆ, ನೀರು ಬರುವುದಿಲ್ಲ. ಇನ್ನೊಂದರಲ್ಲಿ ರಬ್ಬರ್ ರೆಕ್ಕೆಗಳಿವೆ. ಅದು ತಾನೇ ನೀರು ಎಳೆದುಕೊಳ್ಳುತ್ತದೆ, ಸ್ವಿಚ್ ತಿರುಗಿಸಿದರೆ ಅದೇ ಪಂಪ್ ಚೀಲವನ್ನು ಖಾಲಿಯೂ ಮಾಡುತ್ತದೆ. ಒಣಗಿದ್ದಾಗ ಓಡಿಸಿದರೆ ಮಾತ್ರ ರಬ್ಬರ್ ಸುಟ್ಟು ಹೋಗುತ್ತದೆ. ಗಂಟೆಗೆ 3,000 ಲೀಟರಿನ ಪಂಪ್ 340 ಲೀಟರ್ ಚೀಲವನ್ನು ಲೆಕ್ಕದ ಪ್ರಕಾರ ಏಳು ನಿಮಿಷದಲ್ಲಿ ತುಂಬಿಸಬೇಕು. ಪೈಪಿನ ಉದ್ದ, ತಿರುವು, ಏರಿಕೆ ಎಲ್ಲ ಸೇರಿ ಹತ್ತು ನಿಮಿಷವಂತೂ ಹಿಡಿಯುತ್ತದೆ.

ತುಂಬಿಸಿದ ಮೇಲೆ ಒಂದು ಕೆಲಸ ಬಾಕಿ ಇರುತ್ತದೆ. ಚೀಲದ ಮೇಲ್ಭಾಗದಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಹೊರಗೆ ಬಿಡಬೇಕು. ಭಾವ ಚೀಲದ ಮೇಲೆ ಮೊಣಕಾಲೂರಿ, ಮುಚ್ಚಳ ಸಡಿಲಿಸಿ, ಚಪಾತಿ ಲಟ್ಟಿಸುವ ಹಾಗೆ ಎರಡೂ ಕೈಯಿಂದ ಒತ್ತುತ್ತಾ ಗಾಳಿಯನ್ನು ಬಾಯಿಯ ಕಡೆ ತಳ್ಳುತ್ತಾರೆ. ಪುಸ್ ಪುಸ್ ಅಂತ ಗಾಳಿ, ಆಮೇಲೆ ಒಂದು ಚಿಲುಮೆ ನೀರು ಮುಖಕ್ಕೆ. ಆಗ ಮುಚ್ಚಳ ಬಿಗಿ. ಇಷ್ಟು ಕಷ್ಟ ಯಾಕೆ ಅಂದರೆ, ಅರ್ಧ ತುಂಬಿದ ಚೀಲ ಅಪಾಯ. ಬೋಟು ಎಡಕ್ಕೆ ವಾಲಿದರೆ ಒಳಗಿನ ನೀರೂ ಎಡಕ್ಕೆ ಓಡುತ್ತದೆ, ವಾಲಿದ್ದನ್ನು ಇನ್ನಷ್ಟು ವಾಲಿಸುತ್ತದೆ. ತುಂಬಿದ ಕೊಡ ತುಳುಕುವುದಿಲ್ಲ ಅನ್ನುವ ಗಾದೆ ಬೋಟಿನಲ್ಲಿ ಅಕ್ಷರಶಃ ನಿಜ. ಕಡಿಮೆ ಭಾರ ಬೇಕಾದರೆ ದೊಡ್ಡ ಚೀಲವನ್ನು ಅರ್ಧ ತುಂಬಿಸಬೇಡಿ, ಸಣ್ಣ ಚೀಲವನ್ನು ಪೂರ್ತಿ ತುಂಬಿಸಿ.

ವೇಗ, ಹಗ್ಗ, ಮತ್ತೆ ಸ್ವಲ್ಪ ವೇಗ

ಭಾರ ಸರಿಯಾಗಿದ್ದೂ ಅಲೆ ನೊರೆ ಬರುತ್ತಿದ್ದರೆ ಚೀಲ ಮುಟ್ಟುವ ಮೊದಲು ವೇಗ ನೋಡಿ. ಗಂಟೆಗೆ ಒಂದೆರಡು ಕಿಲೋಮೀಟರ್ ಹೆಚ್ಚಿಸಿದರೆ ಎಷ್ಟೋ ಸಲ ನೊರೆ ಮಾಯವಾಗಿ ಅಲೆ ಗಾಜಿನ ಹಾಗೆ ನಿಲ್ಲುತ್ತದೆ. ವೇಗ ಹೆಚ್ಚಿದರೆ ಎರಡು ಅಲೆಗಳ ನಡುವಿನ ಅಂತರ ಮಾತ್ರ ಕಿರಿದಾಗುತ್ತದೆ. ಹಡಗಿನ ಹಿಂದಿನ ಅಲೆಯ ಬೀಸಣಿಗೆ ಯಾವಾಗಲೂ ಸುಮಾರು 39 ಡಿಗ್ರಿ ಅಗಲ ಅಂತ ಲಾರ್ಡ್ ಕೆಲ್ವಿನ್ 1887ರಲ್ಲಿ ಲೆಕ್ಕ ಹಾಕಿ ತೋರಿಸಿದ್ದರು. ಆದರೆ ವೇಗದ ಬೋಟುಗಳ ಹಿಂದೆ ಅದು ಇನ್ನೂ ಕಿರಿದಾಗಿ ಕಾಣುತ್ತದೆ. 2013ರಲ್ಲಿ ಇಬ್ಬರು ಫ್ರೆಂಚ್ ಭೌತವಿಜ್ಞಾನಿಗಳು ಗೂಗಲ್ ಅರ್ತ್‌ನ ಚಿತ್ರಗಳಲ್ಲಿ ಸಿಕ್ಕ ಹಡಗು, ಬೋಟುಗಳ ಅಲೆಗಳನ್ನು ಅಳೆದು, ವೇಗ ಏರಿದಂತೆ ಕೋನ ಕಿರಿದಾಗುವುದನ್ನು ತೋರಿಸಿದರು. ಕೂತಲ್ಲೇ ಮಾಡುವ ಸಂಶೋಧನೆ ಅಂದರೆ ಇದಪ್ಪಾ ಅನ್ನಿಸಿತು ನನಗೆ.

ಹಗ್ಗ ಉದ್ದ ಬಿಟ್ಟಷ್ಟೂ ಸವಾರ ಹಿಂದೆ ಹೋಗುತ್ತಾನೆ, ಅಲ್ಲಿ ಅಲೆಗಳ ನಡುವೆ ದೂರ ಜಾಸ್ತಿ. ಹೊಸಬರಿಗೆ ಹಗ್ಗ ಗಿಡ್ಡ, ವೇಗ ಕಡಿಮೆ, ಭಾರ ಕಡಿಮೆ. ಪಳಗಿದವರಿಗೆ ಮೂರೂ ಜಾಸ್ತಿ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಿ. ಭಾವ ಡ್ಯಾಶ್‌ಬೋರ್ಡ್ ಮೇಲೆ ಒಂದು ಸಣ್ಣ ನೋಟ್‌ಬುಕ್ ಇಟ್ಟಿದ್ದಾರೆ. ಯಾರು ಎಲ್ಲಿ ಕೂತಿದ್ದರು ಅನ್ನುವುದನ್ನೂ ಬರೆಯುತ್ತಾರೆ. ಅದರಲ್ಲಿ ಅಪ್ಪನ ಹೆಸರಿನ ಮುಂದೆ ‘72 ಕೆಜಿ, ಎಡ’ ಅಂತಿದೆ.

ವೇಕ್‌ಸರ್ಫಿಂಗ್ ಅನ್ನುವ ತಮ್ಮನಿಗೆ ಮಾತ್ರ ಈ ಲೆಕ್ಕ ತಿರುಗುಮುರುಗು. ಅಲ್ಲಿ ವೇಗ 16ರಿಂದ 19 ಕಿಲೋಮೀಟರ್. ಮೇಲೆ ಹೇಳಿದೆನಲ್ಲ, ಬೋಟು ತನ್ನ ಗುಡ್ಡ ತಾನೇ ಹತ್ತುವ ಹಂತ, ಅಲ್ಲೇ. ಸವಾರ ಹಗ್ಗ ಬಿಟ್ಟು, ಬೋಟಿನ ಹಿಂದೆ ಕೆಲವೇ ಅಡಿ ದೂರದಲ್ಲಿ, ಒಂದೇ ಬದಿಯ ಅಲೆಯ ಇಳಿಜಾರಿನಲ್ಲಿ ಜಾರುತ್ತಲೇ ಇರುತ್ತಾನೆ. ಎರಡು ಅಲೆ ಬೇಕಿಲ್ಲ, ಒಂದು ಸಾಕು. ಹಾಗಾಗಿ ಬೇಕಂತಲೇ ಒಂದು ಪಕ್ಕಕ್ಕೆ ಭಾರ ಹೇರಿ ಬೋಟನ್ನು ವಾಲಿಸುತ್ತಾರೆ. ಎಡಗಾಲು ಮುಂದಿಡುವವರಿಗೆ ಎಡಬದಿ, ಬಲಗಾಲಿನವರಿಗೆ ಬಲಬದಿ. ಇದನ್ನು ಪ್ರೊಪೆಲ್ಲರ್ ತಳದ ಅಡಿಯಲ್ಲಿ ಮರೆಯಾಗಿರುವ ಬೋಟಿನ ಹಿಂದೆ ಮಾತ್ರ ಮಾಡಬೇಕು. ಹಿಂದಕ್ಕೆ ಚಾಚಿಕೊಂಡ ಔಟ್‌ಬೋರ್ಡ್ ಮೋಟರಿನ ಹಿಂದೆ ಮಾಡಿದರೆ ಬಿದ್ದವನು ನೇರ ರೆಕ್ಕೆಗೇ ಸಿಗಬಹುದು. ಹೊಗೆಯೂ ಹಿಂದಕ್ಕೇ ಬರುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲಕ್ಕೆ ವಾಸನೆ ಇಲ್ಲ. ಎಂಜಿನ್ ಓಡುವಾಗ ಮಕ್ಕಳನ್ನು ಬೋಟಿನ ಹಿಂತುದಿಯ ಹಲಗೆಯ ಮೇಲೆ ಕೂರಿಸಲೇಬೇಡಿ.

ಎಷ್ಟು ಹೇರಬಹುದು? ಅಮೆರಿಕದಲ್ಲಿ 20 ಅಡಿಗಿಂತ ಚಿಕ್ಕ ಮೋಟರ್ ಬೋಟುಗಳಿಗೆ ಎಷ್ಟು ಜನ, ಎಷ್ಟು ತೂಕ ಅಂತ ಬರೆದ ಫಲಕ ಕಡ್ಡಾಯ. ದೊಡ್ಡ ಬೋಟುಗಳಲ್ಲೂ ಬಹಳಷ್ಟಕ್ಕೆ ತಯಾರಕರೇ ಹಾಕಿರುತ್ತಾರೆ. ಚೀಲದ ನೀರೂ ಆ ತೂಕದೊಳಗೇ ಬರಬೇಕು. ಭಾವನ ಬೋಟಿನಲ್ಲಿ ಮೂರು ಚೀಲ ತುಂಬಿದ ಮೇಲೆ ಇನ್ನು ಮೂವರಿಗೆ ಮಾತ್ರ ಜಾಗ. ಐದು ಜನ ಬಂದ ದಿನ ಒಂದು ಚೀಲ ದಡದಲ್ಲೇ ಉಳಿಯುತ್ತದೆ. ಎಂಜಿನ್ನಿಗೂ ಕಷ್ಟ. ಲೋಡ್ ಲಾರಿ ಶಿರಾಡಿ ಘಾಟಿಯನ್ನು ಟಾಪ್ ಗೇರಿನಲ್ಲಿ ಹತ್ತುತ್ತದೆಯೇ? ಬೋಟಿಗೆ ಗೇರ್ ಇಳಿಸುವ ದಾರಿ ಅಂದರೆ ಕಡಿಮೆ ಓರೆಯ ರೆಕ್ಕೆಯ ಪ್ರೊಪೆಲ್ಲರ್ ಹಾಕುವುದು. ಒಂದು ಸುತ್ತಿಗೆ ಕಡಿಮೆ ದೂರ ಹೋಗುತ್ತದೆ, ಆದರೆ ಎಳೆಯುವ ತಾಕತ್ತು ಬರುತ್ತದೆ. ಪೆಟ್ರೋಲ್ ಬಿಲ್ಲಿನ ವಿಷಯ ಅಕ್ಕನ ಮುಂದೆ ಎತ್ತದಿರುವುದೇ ಒಳ್ಳೆಯದು.

ದಡ ಸೇರಿದ ಮೇಲೆ

ಅಲೆ ಬೋಟಿನ ಹಿಂದೆಯೇ ಸಾಯುವುದಿಲ್ಲ. ದಡದ ತನಕ ಹೋಗಿ, ಮಣ್ಣು ಕೊರೆದು, ಕಟ್ಟಿದ ದೋಣಿಗಳನ್ನು ಗೋಡೆಗೆ ಬಡಿಸಿ, ಆಮೇಲೆ ಸಾಯುತ್ತದೆ. ಮಿನೆಸೋಟ ವಿಶ್ವವಿದ್ಯಾಲಯದ ಸೇಂಟ್ ಆಂಟನಿ ಫಾಲ್ಸ್ ಪ್ರಯೋಗಾಲಯ ಕೆರೆಯಲ್ಲೇ ನಾಲ್ಕು ಬೋಟುಗಳ ಅಲೆಗಳನ್ನು ಅಳೆದು 2022ರಲ್ಲಿ ವರದಿ ಕೊಟ್ಟಿತು. ಮಾಮೂಲಿ ಬೋಟಿನ ಅಲೆ 200 ಅಡಿ ದೂರದಲ್ಲಿ ಎಷ್ಟು ಇಳಿಯುತ್ತದೋ, ಸರ್ಫಿಂಗ್ ಮಾಡುವ ವೇಕ್ ಬೋಟಿನ ಅಲೆ ಅಷ್ಟು ಇಳಿಯಲು 500 ಅಡಿಗೂ ಹೆಚ್ಚು ಬೇಕು ಅನ್ನುವುದು ಅದರ ಸಾರ. ವರ್ಮಾಂಟ್ ರಾಜ್ಯ 2024ರಲ್ಲಿ ವೇಕ್ ಬೋಟುಗಳ ಆಟಕ್ಕೆ ದಡದಿಂದ 500 ಅಡಿ ದೂರ, 20 ಅಡಿ ಆಳ ಅಂತ ನಿಯಮವನ್ನೇ ಮಾಡಿತು. ಭಾರ ಹೇರುವ ಖುಷಿ ನಮ್ಮದು, ದಡ ಇನ್ನೊಬ್ಬರದು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ.

ಇನ್ನೊಂದು ಸಮಸ್ಯೆ ಕಣ್ಣಿಗೇ ಕಾಣದ್ದು. ಜೀಬ್ರಾ ಮಸಲ್ ಅನ್ನುವ ಉಗುರಿನಷ್ಟು ಪಟ್ಟೆಪಟ್ಟೆ ಚಿಪ್ಪಿನ ಜೀವಿ ಕಪ್ಪು ಸಮುದ್ರ, ಕ್ಯಾಸ್ಪಿಯನ್ ಸಮುದ್ರದ ಕಡೆಯದು. 1980ರ ದಶಕದಲ್ಲಿ ದೊಡ್ಡ ಹಡಗುಗಳ ಬ್ಯಾಲಸ್ಟ್ ನೀರಿನಲ್ಲಿ ಕೂತು ಅಮೆರಿಕದ ಮಹಾ ಸರೋವರಗಳಿಗೆ ಬಂತು. ಪಣಂಬೂರಿಗೆ ಸರಕು ತುಂಬಿಕೊಳ್ಳಲು ಖಾಲಿ ಬರುವ ಹಡಗುಗಳ ಹೊಟ್ಟೆಯಲ್ಲೂ ಇರುವುದು ಇಂಥದ್ದೇ ನೀರು. ಅದನ್ನು ಎಲ್ಲಿ, ಹೇಗೆ ಬಿಡಬೇಕು ಅನ್ನುವ ಅಂತರರಾಷ್ಟ್ರೀಯ ಒಪ್ಪಂದ ಜಾರಿಗೆ ಬಂದದ್ದು 2017ರಲ್ಲಿ. ಮಿನೆಟೊಂಕದಲ್ಲಿ ಈ ಮಸಲ್ ಸಿಕ್ಕಿದ್ದು 2010ರಲ್ಲಿ. ಅದರ ಮರಿಗಳು ಬರಿಗಣ್ಣಿಗೆ ಕಾಣುವುದಿಲ್ಲ. ಚೀಲದ ತಳದಲ್ಲಿ ಉಳಿದ ಒಂದು ಲೋಟ ನೀರು ಸಾಕು, ಇನ್ನೊಂದು ಕೆರೆ ಕೆಡಲು. ಅದಕ್ಕೇ ಕೆರೆ ಬಿಡುವ ಮೊದಲು ಎಲ್ಲ ನೀರನ್ನೂ ಖಾಲಿ ಮಾಡಬೇಕು, ಬೋಟಿನ ತಳದ ಬಿರಡೆ ತೆಗೆದಿಟ್ಟೇ ರಸ್ತೆಯಲ್ಲಿ ಸಾಗಿಸಬೇಕು ಅನ್ನುವುದು ಅಲ್ಲಿನ ಕಾನೂನು.

ಮೂರು ಚೀಲ ಬಂದ ಮೇಲಿನ ಒಂದು ಸಂಜೆ ಪಂಪ್ ಮತ್ತೆ ಗುರ್ ಅಂದಿತು. ಚೀಲಗಳು ಒಂದೊಂದಾಗಿ ಸೊರಗಿದವು. ಭಾವ ಅವುಗಳನ್ನು ಮಡಿಸಿ, ಮೇಲೆ ಕೂತು, ಕೊನೆಯ ನೀರನ್ನೂ ಹಿಂಡಿದರು. ಟ್ರೈಲರ್ ಮೇಲೆ ಹತ್ತಿದ ಬೋಟಿನ ಬಿರಡೆ ತೆಗೆದಾಗ ಸಣ್ಣ ಧಾರೆಯೊಂದು ಕಾಂಕ್ರೀಟಿನ ಮೇಲೆ ಹರಿಯಿತು. ಅಪ್ಪ ಪ್ಯಾಂಟಿನ ಜೇಬಿಗೆ ಕೈ ಹಾಕಿಕೊಂಡು ಅದು ನಿಲ್ಲುವ ತನಕ ನೋಡುತ್ತಾ ನಿಂತಿದ್ದರು.

“ಒಟ್ಟು ಎಷ್ಟು ಬಿಟ್ರಿ ಅಳಿಯಂದ್ರೇ?”

“ನಾನೂರು ಲೀಟರ್ ಇರಬಹುದು ಮಾವ.”

“ಬದನೆ ಪಾತಿಗೆ ಎರಡು ದಿನ ಆಗ್ತಿತ್ತು” ಅಂದು ಕಾರು ಹತ್ತಿದರು.